ಅಳಿಯನಿಗೆ ಕಾಣುವ ಗಾಜು

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೊಸ ಗಾಜನ್ನು ಚೌಕಟ್ಟಿಗೆ ಕೂರಿಸಿದ ತಕ್ಷಣ, ಬಿಳಿ ಪುಡಿ ಕಲಸಿದ ನೀರಿನಲ್ಲಿ ಅದರ ಮೇಲೆ ದೊಡ್ಡದೊಂದು ಇಂಟು ಮಾರ್ಕು ಹಾಕಬೇಕು. ಇಲ್ಲದಿದ್ದರೆ ಬಣ್ಣ ಬಳಿಯುವವನೋ, ಕರೆಂಟಿನ ಕೆಲಸದವನೋ ಏಣಿ ಹೊತ್ತುಕೊಂಡು ಸೀದಾ ಅದಕ್ಕೇ ನುಗ್ಗುತ್ತಾನೆ. ಒಮ್ಮೆ ನಮ್ಮಣ್ಣನೇ ನುಗ್ಗಿದ್ದಾನೆ, ಅದೂ ತಾನೇ ಕೂರಿಸಿದ ಗಾಜಿಗೆ. ಮೂಗಿನ ಮೇಲೆ ಇವತ್ತಿಗೂ ಗೀರಿದೆ. ಯಾರಾದರೂ ಕೇಳಿದರೆ ಚಿಕ್ಕಂದಿನಲ್ಲಿ ಮರದಿಂದ ಬಿದ್ದದ್ದು ಅನ್ನುತ್ತಾನೆ. ಕೆಲಸ ಮುಗಿಸಿ ಮನೆಯವರಿಗೆ ಒಪ್ಪಿಸುವ ದಿನ ಆ ಗುರುತು ಒರೆಸಿ, ಗಾಜು ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಉಜ್ಜಿ ಕೊಡುತ್ತೇವೆ. ಮನೆಯಾಕೆ ಕೈ ಚಾಚಿ ಮುಟ್ಟಿ ನೋಡಿ, ಇದೆ ಅಂತ ಖಾತ್ರಿ ಮಾಡಿಕೊಂಡರೆ ಅದೇ ನಮಗೆ ದೊಡ್ಡ ಹೊಗಳಿಕೆ.

ಅಪ್ಪನ ಕಾಲದ ಗಾಜಿನಂಗಡಿಯನ್ನು ನಾನೂ ಅಣ್ಣನೂ ನಡೆಸುತ್ತೇವೆ. ಅಳತೆ, ಗಿರಾಕಿ, ಮಾತುಕತೆ ಅವನದು. ಕೊಯ್ಯುವುದು, ಕೂರಿಸುವುದು ನನ್ನದು. ಮಗಳನ್ನು ಶಾಲೆಗೆ ಬಿಟ್ಟು ಅಂಗಡಿ ಸೇರಿದರೆ, ಕೈತುಂಬ ಗೀರು, ತಲೆತುಂಬ ಪುಡಿ ಹೊತ್ತುಕೊಂಡು ಮನೆಗೆ ಬರುವಾಗ ಬೀದಿದೀಪ ಹತ್ತಿರುತ್ತದೆ. ಗಂಡ ದೂರದೂರಿನ ಬಸ್ಸಿನ ಡ್ರೈವರು. ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಹೀಗಾಗಿ ನಮ್ಮ ಸಂಸಾರವನ್ನು ನಿಜವಾಗಿ ಎಳೆಯುತ್ತಿದ್ದವರು ನಮ್ಮತ್ತೆ. ಒಂದು ವರ್ಷ ಬೇಸಿಗೆಯಲ್ಲಿ ಅವರು ಹಿತ್ತಲಲ್ಲಿ ಬಿದ್ದರು. ಒಣಗಿದ ಬಟ್ಟೆಯನ್ನು ತೋಳಿನ ಮೇಲೆ ಹೇರಿಕೊಂಡು ಬರುವಾಗ, ಹಿಪ್ಪುನೇರಳೆ ಮರದ ಕೆಳಗೆ ಉದುರಿದ್ದ ಹಣ್ಣಿನ ಮೇಲೆ ಕಾಲಿಟ್ಟರು. ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆಯಿತು, ಹಿಂದಿನ ಕೋಣೆಗೆ ಮಂಚ ಬಂತು, ಮಂಚದ ಪಕ್ಕಕ್ಕೆ ನಾಲ್ಕು ಕಾಲಿನ ವಾಕರ್ ಬಂತು. ವಾಕರ್ ಮೇಲೆ ಅವರು ಟವೆಲ್ ಒಣಹಾಕತೊಡಗಿದರು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ದಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಎಲ್ಲವನ್ನೂ ನೇರವಾಗಿ ಹೇಳಿದಳು. ಮೂಳೆ ಚೆನ್ನಾಗಿ ಕೂಡಿದೆ, ಕೂಡದೆ ಉಳಿದಿರುವುದು ಧೈರ್ಯ. ಈ ಚಳಿಗಾಲ ಕಳೆಯುವುದರೊಳಗೆ ಎದ್ದು ನಡೆಯದಿದ್ದರೆ ಕಾಲಿನ ಕಸುವು ಪೂರ್ತಿ ಹೋಗಿಬಿಡುತ್ತದೆ. ಆಮೇಲೆ ಅವರಿಗೇ ಮನಸ್ಸು ಬಂದರೂ ಏಳಲು ಆಗುವುದಿಲ್ಲ. ಅವಳು ಹೋದ ಮೇಲೆ ನಾನು ಸ್ವಲ್ಪ ಹೊತ್ತು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಆಮೇಲೆ ಮುಖ ಒರೆಸಿಕೊಂಡು ಅತ್ತೆಯ ಹತ್ತಿರ ಹೋಗಿ, ಎರಡು ಹೆಜ್ಜೆ ಹಾಕೋಣವಾ ಅಂತ ಕೇಳಿದೆ.

"ಅಳಿಯ ಬರಲಿ, ನೋಡೋಣ," ಅಂದರು.

ಯಾರು ಕೇಳಿದರೂ ಅದೇ ಉತ್ತರ. ಡಾಕ್ಟರಿಗೂ ಅದನ್ನೇ ಹೇಳಿದ್ದರು. ಅವರು ಪಾಪ, ಅಳಿಯ ಯಾವ ದೇಶದಲ್ಲಿದ್ದಾರೆ, ಫೋನ್ ಮಾಡಿ ಬೇಗ ಕರೆಸಿ ಅಂತ ನನಗೆ ಸಲಹೆ ಕೊಟ್ಟಿದ್ದರು.

ನಮ್ಮತ್ತೆಗೆ ಹೆಣ್ಣುಮಕ್ಕಳೇ ಇಲ್ಲ. ಅಳಿಯ ಅಂದರೆ ಒಂದು ಹಕ್ಕಿ. ಬೆನ್ನು ಒದ್ದೆ ಮಣ್ಣಿನ ಬಣ್ಣ, ಎದೆಯೆಲ್ಲ ಮಸಿ ಸಿಡಿದಂತೆ ಚುಕ್ಕೆ, ಉದ್ದ ಕಾಲು. ಪ್ರತಿ ವರ್ಷ ಚಳಿ ಕಾಲಿಟ್ಟ ಮೇಲೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ಪ್ರತ್ಯಕ್ಷನಾಗುತ್ತಾನೆ, ಬಿಸಿಲೇರುವ ಕಾಲಕ್ಕೆ ಹೇಳದೆ ಕೇಳದೆ ಹೊರಟುಹೋಗುತ್ತಾನೆ. ಮಗಳು ಶಾಲೆಯ ಲೈಬ್ರರಿಯಿಂದ ಪುಸ್ತಕ ತಂದು ಓದಿ, ಇದು ಥ್ರಷ್ ಅಂತ ಒಂದು ವಲಸೆ ಹಕ್ಕಿ, ಸಿಳ್ಳೆ ಹಾಕುವ ಸಿಳ್ಳಾರ ಹಕ್ಕಿಯ ಬಂಧು ಅಂತ ತೀರ್ಪು ಕೊಟ್ಟಿದ್ದಳು. ಎಲ್ಲೋ ಉತ್ತರದ ತಣ್ಣನೆಯ ಕಾಡಿನಲ್ಲಿ ಬೇಸಿಗೆ ಕಳೆದು, ಮರಿ ಬೆಳೆಸಿ, ಅಲ್ಲಿ ನೆಲ ಹೆಪ್ಪುಗಟ್ಟುವ ಮೊದಲು ಇತ್ತ ಹೊರಡುತ್ತದಂತೆ. ಹಗಲೆಲ್ಲ ತಿಂದು, ಕತ್ತಲಾದ ಮೇಲೆ ನಕ್ಷತ್ರ ನೋಡಿಕೊಂಡು ಹಾರುತ್ತದಂತೆ. ಹೋದ ವರ್ಷ ಇದ್ದ ಜಾಗವನ್ನೇ ಹುಡುಕಿಕೊಂಡು ಬರುವುದೂ ಉಂಟಂತೆ. ಇದನ್ನು ಕೇಳಿ ನನ್ನ ಗಂಡ, ಅಷ್ಟು ದೂರದಿಂದ ಬೋರ್ಡಿಲ್ಲದೆ, ಕಂಡಕ್ಟರ್ ಇಲ್ಲದೆ ಸರಿಯಾದ ಹಿತ್ತಲಿಗೆ ಬರುತ್ತಾನಲ್ಲ, ಇವನಿಗೆ ನಮ್ಮ ಡಿಪೋದಲ್ಲಿ ಕೆಲಸ ಕೊಡಿಸಬೇಕು ಅಂದಿದ್ದರು.

ಅಳಿಯ ಅನ್ನುವ ಹೆಸರು ಅತ್ತೆಯೇ ಇಟ್ಟದ್ದು. ವರ್ಷಕ್ಕೊಮ್ಮೆ ಬರುತ್ತಾನೆ, ಬಂದವನು ಯಾರೊಂದಿಗೂ ಮಾತಾಡುವುದಿಲ್ಲ, ಒಂದು ಕಡ್ಡಿ ಎತ್ತಿ ಆಚೆ ಇಡುವುದಿಲ್ಲ, ಕೈ ಹಿಂದೆ ಕಟ್ಟಿಕೊಂಡವನ ಹಾಗೆ ಹಿತ್ತಲೆಲ್ಲ ಓಡಾಡುತ್ತಾನೆ, ಎಲ್ಲವನ್ನೂ ತಲೆ ಓರೆ ಮಾಡಿ ನೋಡುತ್ತಾನೆ, ಚೆನ್ನಾಗಿ ತಿನ್ನುತ್ತಾನೆ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವುದು, ನೆಲದೊಳಗೆ ಏನೋ ಕೇಳಿಸಿದಂತೆ ಕತ್ತು ವಾಲಿಸುವುದು, ತರಗೆಲೆಯನ್ನು ಕೊಕ್ಕಿನಲ್ಲಿ ಹಿಡಿದು ಎಡಕ್ಕೊಂದು ಬಲಕ್ಕೊಂದು ಎಸೆಯುವುದು, ಅಡಿಯಿಂದ ಹುಳ ಎಳೆಯುವುದು. ಬಸವನಹುಳು ಸಿಕ್ಕಿದರೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಚಿಪ್ಪು ಒಡೆಯುವುದು. ಈ ಮಹಾಶಯನಿಗಾಗಿ ಅತ್ತೆ ಚಳಿ ಶುರುವಾದರೆ ಮರದ ಕೆಳಗೆ ಪೊರಕೆ ಮುಟ್ಟಿಸುತ್ತಿರಲಿಲ್ಲ. ನಮ್ಮ ಹಿತ್ತಲ ಕಸ ನೋಡಿ ಪಕ್ಕದ ಮನೆಯಾಕೆ ಮೂಗು ಮುರಿದರೆ, ಅದು ಕಸವಲ್ಲ, ಅಳಿಯನ ಹಾಸಿಗೆ ಅನ್ನುತ್ತಿದ್ದರು. ಅವನ ಎಡ ರೆಕ್ಕೆಯಲ್ಲಿ ಒಂದು ಬಿಳಿ ಗರಿಯಿದೆ. ಹಾಗಾಗಿ ಪ್ರತಿ ವರ್ಷ ಬರುವವನು ಇವನೇ ಎಂಬುದರಲ್ಲಿ ನಮಗೆ ಅನುಮಾನವಿರಲಿಲ್ಲ.

ಆದರೆ ಮಂಚದಿಂದ ಹಿತ್ತಲು ಕಾಣುತ್ತಿರಲಿಲ್ಲ. ಆ ಕೋಣೆಯ ಕಿಟಕಿ ಎತ್ತರದಲ್ಲಿತ್ತು, ಮಲಗಿದವರಿಗೆ ಆಕಾಶದ ಒಂದು ತುಂಡು ಮಾತ್ರ. ಅಳಿಯ ಬಂದರೂ ನೋಡುವುದು ಹೇಗೆ? ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿತ್ತು. ಒಂದು ರಜೆಯ ದಿನ ಅಣ್ಣನನ್ನೂ ಗೋಡೆ ಕೆಲಸದ ಒಬ್ಬರನ್ನೂ ಕರೆದು, ಕಿಟಕಿಯನ್ನು ನೆಲದವರೆಗೂ ಒಡೆಸಿದೆ. ಅಂಗಡಿಯಲ್ಲಿದ್ದ ಅತ್ಯುತ್ತಮ ಗಾಜಿನ ಹಾಳೆಯನ್ನು, ಬೇರೆಯವರಿಗೆ ಕೊಡಲು ಮನಸ್ಸಾಗದೆ ಗೋಡೆಗೆ ಒರಗಿಸಿಟ್ಟಿದ್ದನ್ನು, ತಂದು ಕೂರಿಸಿದೆ. ರಬ್ಬರ್ ಪಟ್ಟಿ ಒತ್ತಿ, ಪದ್ಧತಿಯಂತೆ ಇಂಟು ಮಾರ್ಕು ಹಾಕಿದೆ. ಎಷ್ಟೋ ದಿನದ ಮೇಲೆ ಅತ್ತೆ ತಾವಾಗಿ ದಿಂಬಿಗೆ ಒರಗಿ ಕೂತರು. ಹಿತ್ತಲನ್ನು ಮೂಲೆಯಿಂದ ಮೂಲೆಗೆ ನೋಡಿದರು. ಆಮೇಲೆ, ಎಲ್ಲ ಚೆನ್ನಾಗಿದೆ, ಆದರೆ ಮೇಷ್ಟ್ರು ನನ್ನ ಲೆಕ್ಕ ತಪ್ಪು ಅಂತ ಗೀಟು ಹಾಕಿದ ಹಾಗಿದೆಯಲ್ಲ ಅಂತ ಗೊಣಗಿದರು. ನಾನು ನಕ್ಕು ಅದನ್ನು ಒರೆಸಿದೆ. ಒಳಗೂ ಹೊರಗೂ ಹಳೆ ಪೇಪರಿನಿಂದ ಉಜ್ಜಿದೆ. ನನ್ನ ಕೈಯಲ್ಲಿ ಅದಕ್ಕಿಂತ ಚೊಕ್ಕ ಗಾಜು ಯಾವತ್ತೂ ಆಗಿರಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಜೋರಾಗಿ ಕೂಗಿದರು. ಅಳಿಯ ಬಂದಿದ್ದ. ಬಡವಾಗಿದ್ದ, ಬಾಲದ ಗರಿ ಕೆದರಿತ್ತು, ಆದರೂ ಎಲೆ ಎಸೆಯುವ ಠೀವಿಯಲ್ಲಿ ಏನೂ ಕಡಿಮೆಯಿರಲಿಲ್ಲ. ಮಗಳು ಹಾಸಿಗೆಯಿಂದಲೇ ಎದ್ದು ಬಂದು ಅಜ್ಜಿಯ ಹೊದಿಕೆಯೊಳಗೆ ತೂರಿಕೊಂಡಳು. ಅತ್ತೆ ಟವೆಲ್ಲನ್ನು ವಾಕರ್‌ನಿಂದ ತೆಗೆದು ಮಡಚಿಟ್ಟರು. ಚಹಾ ಕುಡಿದು ಏಳ್ತೀನಿ ಅಂತ ಅವರ ಬಾಯಿಂದಲೇ ಬಂತು. ನಾನು ಅಡುಗೆಮನೆಗೆ ಓಡಿದೆ.

ಹಾಲು ಉಕ್ಕುವ ಹೊತ್ತಿಗೆ ಸದ್ದು ಕೇಳಿಸಿತು. ಗಾಜಿನ ಕೆಲಸದವಳಿಗೆ ಗಾಜಿನ ಎಲ್ಲ ಸದ್ದೂ ಗೊತ್ತು. ಬಿರುಕು ಬಿಡುವುದು, ಒಡೆಯುವುದು, ಗಾಳಿಗೆ ಅದುರುವುದು. ಇದು ಅದ್ಯಾವುದೂ ಅಲ್ಲ. ಒದ್ದೆ ಬಟ್ಟೆಯ ಉಂಡೆಯನ್ನು ಎಸೆದಂತೆ, ಮೆತ್ತಗೆ. ಪಕ್ಕದ ಮನೆಯ ಬೆಕ್ಕು ಗೋಡೆಗೆ ಹಾರಿತ್ತು, ಅಳಿಯ ಹೆದರಿ ಮೇಲೆದ್ದು ನೇರ ನಮ್ಮ ಕಡೆಗೇ ಬಂದಿದ್ದ. ಗಾಜಿನ ಕೆಳಗೆ, ಕಲ್ಲುಹಾಸಿನ ಮೇಲೆ ಬಿದ್ದಿದ್ದ. ಕಣ್ಣು ಅರ್ಧ ಮುಚ್ಚಿತ್ತು, ಕೊಕ್ಕು ತೆರೆದಿತ್ತು, ಎದೆ ಮಾತ್ರ ಬಡಿದುಕೊಳ್ಳುತ್ತಿತ್ತು.

ಮಗಳು ಅಳುತ್ತಲೇ ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸಿದಳು. ನೀರು ಕುಡಿಸಬಾರದು, ಮುಟ್ಟಿ ಮುಟ್ಟಿ ನೋಡಬಾರದು, ಗಾಳಿಯಾಡುವ ಡಬ್ಬಿಯಲ್ಲಿ ಕತ್ತಲು ಮಾಡಿ ಸುಮ್ಮನೆ ಬಿಡಬೇಕು. ನನ್ನ ಬೂಟಿನ ಡಬ್ಬಿಗೆ ತೂತು ಕೊರೆದು, ಮೆತ್ತನೆ ಬಟ್ಟೆ ಹಾಸಿ, ಅವನನ್ನು ಎರಡೂ ಕೈಯಲ್ಲಿ ಎತ್ತಿಟ್ಟೆ. ಭಾರವೇ ಇರಲಿಲ್ಲ. ಇಷ್ಟು ಚಿಕ್ಕ ಎದೆಯಲ್ಲಿ ಅಷ್ಟು ದೊಡ್ಡ ದಾರಿ ಹೇಗೆ ಹಿಡಿಸಿತೋ ಅನ್ನಿಸಿತು. ಅಷ್ಟೆಲ್ಲ ದಾಟಿ ಬಂದವನನ್ನು ಮನೆ ಬಾಗಿಲಲ್ಲಿ ಕೆಡವಿದ್ದು ನನ್ನ ಗಾಜು.

ಊಟದ ಹೊತ್ತಿಗೆ ಡಬ್ಬಿಯೊಳಗೆ ಪರಪರ ಕೇಳಿಸಿತು. ಮರದ ಕೆಳಗೆ ಒಯ್ದು ಮುಚ್ಚಳ ತೆಗೆದೆ. ಅವನು ಸ್ವಲ್ಪ ಕೂತ, ಒಂದು ಕಡೆ ವಾಲಿಕೊಂಡೇ ಹಾರಿದ, ಗೋಡೆ ದಾಟಿ ಮರೆಯಾದ. ಒಳಗೆ ಬಂದರೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ವಾಕರ್ ಮೇಲೆ ಟವೆಲ್ ವಾಪಸ್ಸು ಬಂದಿತ್ತು.

ನಾನು ಪುಡಿ ಕಲಸಿ, ಗಾಜಿನ ಒಳಮೈಗೆ ಅಂಗೈಯಗಲದ ಗೆರೆಗಳಲ್ಲಿ ಇಂಟು ಮಾರ್ಕು ಹಾಕಿದೆ. ಕುರುಡರಿಗೂ ಕಾಣಬೇಕು, ಅಷ್ಟು ದಪ್ಪ. ಆ ವಾರ ಅಂಗಡಿಯಲ್ಲಿ ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಹಿತ್ತಲಲ್ಲಿತ್ತು. ವ್ಯಾಯಾಮದ ಹುಡುಗಿ ಬಂದು ಬಂದು ಹೋದಳು. ಅತ್ತೆ ಅರ್ಧ ಊಟಕ್ಕೇ ಸಾಕು ಅನ್ನುತ್ತಿದ್ದರು. ಮಗಳು ಶಾಲೆಯಿಂದ ಬಂದವಳೇ ಅಜ್ಜಿಯ ಬದಲಿಗೆ ತಾನು ಕಾವಲು ಕೂರುತ್ತಿದ್ದಳು.

ಮುಂದಿನ ರಜೆಯ ದಿನ ಗಂಡ ಮನೆಯಲ್ಲಿದ್ದರು. ಬೆಳಿಗ್ಗೆ ನಾನು ಅತ್ತೆಯ ತಲೆ ಬಾಚುತ್ತಿದ್ದೆ. ಮಗಳು ಉಸಿರು ಬಿಗಿಹಿಡಿದು ಬೆರಳು ತೋರಿಸಿದಳು. ಒಗೆಯುವ ಕಲ್ಲಿನ ಮೇಲೆ ಅಳಿಯ ಕೂತಿದ್ದ. ಬಿಳಿ ಗರಿ ಇತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಅಷ್ಟು ಶಕ್ತಿ ಅವರಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅವನು ಎಲೆ ಕೆದಕಿದ, ಹುಳ ಎಳೆದ, ಮತ್ತೆ ಏನಕ್ಕೋ ಬೆದರಿ ಮೇಲೆದ್ದು ಪುನಃ ನಮ್ಮತ್ತಲೇ ಹಾರಿದ. ಕೊನೆಯ ಗಳಿಗೆಯಲ್ಲಿ ಹೊರಳಿಕೊಂಡ. ರೆಕ್ಕೆಯ ತುದಿ ಗಾಜಿಗೆ ಸವರಿತು, ಗರಿಯ ಧೂಳಿನ ಒಂದು ಗೆರೆ ಉಳಿಯಿತು. ಅವನು ಮರ ಸೇರಿಕೊಂಡ.

"ನಿನ್ನ ಮಾರ್ಕು ಅವನಿಗೆ ಕಾಣ್ತಿಲ್ಲ ಕಣೇ," ಅಂದರು ಅತ್ತೆ.

ಕಾಣದೆ ಏನು, ಇಷ್ಟು ದಪ್ಪಗಿದೆಯಲ್ಲ ಅಂತ ನಾನು ವಾದಿಸಿದೆ. ನೋಡೇ ಬರುತ್ತೇನೆ ಅಂತ ಹಿತ್ತಲಿಗೆ ಹೋದೆ. ನಮ್ಮ ಕಸುಬಿನವರ ರೂಢಿಯಂತೆ ಗಾಜಿನ ಹತ್ತಿರ ನಿಂತು, ಬೆಳಕು ತಾಗದಂತೆ ಕಣ್ಣಿನ ಎರಡೂ ಪಕ್ಕ ಅಂಗೈ ಅಡ್ಡ ಹಿಡಿದು ನೋಡಿದೆ. ಮಾರ್ಕು ಸ್ಪಷ್ಟವಾಗಿ ಕಾಣುತ್ತಿತ್ತು. ಅಂಚಿನ ರಬ್ಬರೂ ಸರಿಯಿತ್ತು. ಒಳಗೆ ಬಂದು ಚೆನ್ನಾಗೇ ಕಾಣುತ್ತೆ ಅಂದೆ.

"ಅಳಿಯ ಏನು, ಹಾಗೆ ಕೈ ಅಡ್ಡ ಹಿಡ್ಕೊಂಡು ಹಾರ್ತಾನಾ?"

ಮಗಳು ಕಿಸಕ್ಕನೆ ನಕ್ಕಳು.

"ನೀನು ಗಾಜಿನವಳು, ಗಾಜನ್ನೇ ನೋಡ್ತೀಯ. ಅವನು ಎಲ್ಲಿಂದ ನೋಡ್ತಾನೋ ಅಲ್ಲಿ ಕೂತು ನೋಡ್ಬೇಕು. ನನ್ನ ಕರ್ಕೊಂಡ್ಹೋಗು."

"ನೀವು ಹೇಳಿ ಅತ್ತೆ, ಎಲ್ಲಿ ಅಂತ. ನಾನೇ ಕೂತು ನೋಡ್ತೀನಿ."

"ನಿನಗೆ ಮತ್ತೆ ಗಾಜೇ ಕಾಣತ್ತೆ. ಆ ಟವೆಲ್ ತೆಗಿ."

ನಾನು ಟವೆಲ್ ತೆಗೆದೆ. ಗಂಡನನ್ನು ಕೂಗಿದೆ. ಅತ್ತೆ ಮಂಚದ ಅಂಚಿಗೆ ಸರಿದು, ಎರಡೂ ಪಾದ ನೆಲಕ್ಕೆ ಊರಿ, ವಾಕರ್ ಹಿಡಿದರು. ಮೊದಲ ಸಲ ಅರ್ಧಕ್ಕೇ ಕೂತುಬಿಟ್ಟರು. ಮುಖ ಬೆವರಿತ್ತು. ಬೇಡ ಅಮ್ಮ, ನಾಳೆ ನೋಡೋಣ ಅಂತ ಇವರು ಅಂದಿದ್ದೇ ತಪ್ಪಾಯಿತು. ಹೆತ್ತ ಮಗನನ್ನು ಒಂದು ನೋಟದಲ್ಲಿ ಸುಮ್ಮನಾಗಿಸಿ ಅತ್ತೆ ಎರಡನೆಯ ಸಲಕ್ಕೆ ನಿಂತೇಬಿಟ್ಟರು. ನಿಂತವರು ನಮಗಿಂತ ಹೆಚ್ಚು ತಾವೇ ಬೆರಗಾದಂತಿತ್ತು. ಇವರು ಮುಂದೆ ಹಿಮ್ಮುಖ ನಡೆಯುತ್ತಾ, ಬಸ್ಸನ್ನು ಇಕ್ಕಟ್ಟಿನಲ್ಲಿ ಹೊರತೆಗೆಯುವವರ ಹಾಗೆ ಕೈ ಆಡಿಸಿದರು.

"ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ... ಹೊಸಿಲಿದೆ, ಹುಷಾರು... ರೈಟ್."

"ನನ್ನೇನು ಬಸ್ಸು ಅಂದ್ಕೊಂಡ್ಯೇನೋ," ಅಂತ ಅತ್ತೆ ಬೈದರು. ಬೈಯುತ್ತಾ ಬೈಯುತ್ತಾ ಹೊಸಿಲು ದಾಟಿದರು.

ಬಿದ್ದ ಜಾಗ ಬಂದಾಗ ಮಾತ್ರ ನಿಂತರು. ನೆಲ ನೋಡಿದರು. ಅಲ್ಲಿ ಹಣ್ಣಿರಲಿಲ್ಲ, ಒಣಗಿದ ಎಲೆಯಿತ್ತು. ನಾನು ತೋಳು ಬಿಗಿಯಾಗಿ ಹಿಡಿದುಕೊಂಡೆ. ಅವರು ನನ್ನ ಬೆರಳು ಬಿಡಿಸಿದರು, ನೋಯುತ್ತೆ ಬಿಡು ಅಂತ. ಮಗಳು ಅವರ ಕಾಲಿನ ಮುಂದಿನ ಎಲೆಗಳನ್ನು ಅಳಿಯನ ಹಾಗೇ ಎಡಕ್ಕೊಂದು ಬಲಕ್ಕೊಂದು ಎಸೆಯುತ್ತಾ ದಾರಿ ಬಿಡಿಸಿದಳು. ಮರದ ಬುಡದಲ್ಲಿ ಗಿಡ್ಡ ಸ್ಟೂಲು ಹಾಕಿ ಕೂರಿಸಿದೆವು. ಅತ್ತೆ ಉಸಿರು ಸುಧಾರಿಸಿಕೊಂಡು, ಕತ್ತು ಸ್ವಲ್ಪ ವಾಲಿಸಿ, ಮನೆಯ ಕಡೆ ನೋಡಿದರು.

"ಇಲ್ಲಿ ಬಾ. ಬಗ್ಗು. ಇನ್ನೂ ಕೆಳಗೆ."

ನಾನು ಎಲೆಯ ಮೇಲೆ ಮಂಡಿಯೂರಿ ಅವರ ಭುಜದ ಪಕ್ಕ ತಲೆಯಿಟ್ಟೆ.

"ಎಲ್ಲಿದೆ ಹೇಳು ನಿನ್ನ ಗಾಜು?"

ಇರಲಿಲ್ಲ. ಗೋಡೆಯ ನಡುವೆ ಇನ್ನೊಂದು ಹಿತ್ತಲಿತ್ತು. ಅದರಲ್ಲಿ ಇನ್ನೊಂದು ಹಿಪ್ಪುನೇರಳೆ ಮರ, ಅದರ ಹಿಂದೆ ಬೇಕಾದಷ್ಟು ಆಕಾಶ, ಬೆಕ್ಕು ಬಂದರೆ ಹಾರಿ ಸೇರಿಕೊಳ್ಳಲು ಹೇಳಿ ಮಾಡಿಸಿದ ಕೊಂಬೆಗಳು. ನಾನು ಹಾಕಿದ ಮಾರ್ಕು ಆ ಕೊಂಬೆಗಳ ಹಿಂದೆಲ್ಲೋ ಮುಳುಗಿಹೋಗಿತ್ತು. ಕೋಣೆಯೊಳಗೆ ಕತ್ತಲು, ಹೊರಗೆ ಬೆಳಕು, ಗಾಜು ಕನ್ನಡಿಯಾಗಿತ್ತು. ಕನ್ನಡಿಯನ್ನೂ ಮಾರುವ ನನಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ, ಇಷ್ಟು ವರ್ಷ ಕೈ ಅಡ್ಡ ಹಿಡಿದೇ ನೋಡಿದ್ದೆ. ನಮ್ಮ ಮಾರ್ಕು ಏಣಿ ಹೊತ್ತು ಕೋಣೆಯೊಳಗೆ ಓಡಾಡುವವರಿಗೆ. ಹೊರಗಿನಿಂದ ರೆಕ್ಕೆಯ ಮೇಲೆ ಬರುವವರು ಇದ್ದಾರೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

"ಹೊರಮೈಗೆ ಹಾಕಬೇಕು," ಅಂದೆ.

"ಮತ್ತೆ? ತಿಂಡಿಯವನ ಅಂಗಡಿ ಬೋರ್ಡು ಒಳಗಡೆ ತೂಗು ಹಾಕ್ತಾರಾ?"

ಸೋಪಿನ ಬಿಲ್ಲೆ ತಂದೆವು. ಪುಸ್ತಕ ಓದಿದವಳು ಮತ್ತೆ ಅಪ್ಪಣೆ ಕೊಡಿಸಿದಳು: ಒಂದೇ ದೊಡ್ಡ ಮಾರ್ಕು ಸಾಲದು, ಪಕ್ಕದಲ್ಲಿ ಜಾಗ ಇದೆ ಅಂತ ನುಗ್ಗುತ್ತಾನೆ, ಗಾಜಿನ ತುಂಬ ಒತ್ತೊತ್ತಾಗಿ ಚುಕ್ಕೆ ಬೇಕು, ನಡುವೆ ಅವನು ತೂರುವಷ್ಟು ಸಂದು ಬಿಡಬಾರದು. ಮೇಲಿನದನ್ನು ನಾನು ಸ್ಟೂಲಿನ ಮೇಲೆ ನಿಂತು ಹಾಕಿದೆ, ಕೆಳಗಿನದನ್ನು ಅವಳು. ಒಂದು ಕೈ ವಾಕರ್ ಮೇಲೆ, ಒಂದು ಕೈಯಲ್ಲಿ ಸೋಪು ಹಿಡಿದು ನಿಂತು, ನಡುವಿನದನ್ನು ಅತ್ತೆ ಹಾಕಿದರು. ನಾನು ಉಜ್ಜಿ ಉಜ್ಜಿ ಇಲ್ಲವಾಗಿಸಿದ್ದ ಗಾಜು ಹುಣ್ಣೆದ್ದ ಮುಖದಂತಾಯಿತು. ಸಂಜೆ ಬಂದ ಅಣ್ಣ ನೋಡಿ, ಗಿರಾಕಿಗಳು ಯಾರೂ ಈ ಮನೆಗೆ ಬರದ ಹಾಗೆ ನೋಡಿಕೋ ಅಂದ. ಮೂಗಿನ ಮೇಲೆ ಗೀರಿದ್ದವರು ಈ ವಿಷಯದಲ್ಲಿ ಮಾತಾಡಬಾರದು ಅಂತ ಅತ್ತೆ ಹೇಳಿದರು. ಮರದಿಂದ ಬಿದ್ದ ಕಥೆಯನ್ನು ಅವರು ಯಾವತ್ತೂ ನಂಬಿರಲಿಲ್ಲ.

ಅಳಿಯ ಉಳಿದ. ಒಂದೆರಡು ಸಲ ಗಾಜಿನತ್ತ ಹಾರಿ ಬಂದವನು, ದೂರದಲ್ಲೇ ತಿರುಗಿ ಮರಕ್ಕೆ ಹೋದ. ಆಮೇಲೆ ಆ ಕಡೆಗೇ ಬರಲಿಲ್ಲ. ಇಬ್ಬನಿಗೆ ಸೋಪಿನ ಚುಕ್ಕೆಗಳು ಕರಗಿ ಇಳಿಯುತ್ತಿದ್ದವು. ದಿನಾ ಬೆಳಿಗ್ಗೆ ಯಾರಾದರೂ ತಿದ್ದಬೇಕು. ನನಗೆ ಅಂಗಡಿ, ಮಗಳಿಗೆ ಶಾಲೆ, ಇವರಿಗೆ ಬಸ್ಸು. ಹಾಗಾಗಿ ಆ ಕೆಲಸ ತಾನಾಗೇ ಅತ್ತೆಯದಾಯಿತು. ಮೊದಮೊದಲು ನಾನು ಹೊರಡುವ ಮುನ್ನ ಜೊತೆಗೆ ನಿಂತು ಮಾಡಿಸುತ್ತಿದ್ದೆ. ಆಮೇಲೆ ಒಂದು ದಿನ, ನಿನಗೆ ಹೊತ್ತಾಗುತ್ತೆ ಹೋಗು, ನೀನು ಅಡ್ಡ ನಿಂತರೆ ಅಳಿಯ ಮರದಿಂದ ಇಳಿಯಲ್ಲ ಅಂದರು. ಆ ದಿನ ಅಂಗಡಿಯಲ್ಲಿ ಮೂರು ಸಲ ಮನೆಗೆ ಫೋನ್ ಮಾಡಿದೆ. ಮೂರನೆಯ ಸಲ ಬೈಸಿಕೊಂಡೆ. ಬೈಗುಳ ಅಡುಗೆಮನೆಯಿಂದ ಕೇಳಿಸುತ್ತಿತ್ತು, ಹಿಂದೆ ಪಾತ್ರೆಯ ಸದ್ದಿತ್ತು. ಅಂದರೆ ಅಲ್ಲಿಯವರೆಗೂ ನಡೆದಿದ್ದರು. ಗಾಜು ಕೊಯ್ಯುವ ವಜ್ರದ ಮೊನೆ ಕೈಯಲ್ಲಿ ಹಿಡಿದುಕೊಂಡೇ ನಾನು ಕೇಳುತ್ತಾ ನಿಂತೆ. ಎದುರಿದ್ದ ಗಿರಾಕಿ, ಏನಾದರೂ ಕೆಟ್ಟ ಸುದ್ದಿಯಾ ಅಂತ ವಿಚಾರಿಸಿದರು. ಇಲ್ಲ, ನಮ್ಮತ್ತೆ ಬೈತಿದ್ದಾರೆ ಅಂತ ಹೇಳಿ ಕಣ್ಣೊರೆಸಿಕೊಂಡೆ. ಅವರು ಅರ್ಥವಾದವರಂತೆ ತಲೆಯಾಡಿಸಿದರು.

ಚಳಿ ಮುಗಿಯುತ್ತಾ ಬಂದಾಗ ವ್ಯಾಯಾಮದ ಹುಡುಗಿ ವಾಕರ್ ತೆಗೆದು ಕೋಲು ಕೊಟ್ಟಳು. ಅದೇ ದಿನಗಳಲ್ಲಿ ಅಳಿಯ ಹಾಡಲು ಶುರುಮಾಡಿದ. ಅಲ್ಲಿಯವರೆಗೆ ಚುರ್ರ್ ಅನ್ನುವುದು ಬಿಟ್ಟರೆ ಅವನ ದನಿಯೇ ನಮಗೆ ಗೊತ್ತಿರಲಿಲ್ಲ. ಕೊಕ್ಕು ತೆರೆಯದೆ, ಗಂಟಲಲ್ಲೇ, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ. ಊರಿಗೆ ಹೋಗಿ ಹಾಡಬೇಕಾದ್ದನ್ನು ಇಲ್ಲಿ ಗುನುಗಿ ನೋಡಿಕೊಳ್ಳುತ್ತಾನೆ ಅಂತ ಮಗಳು ವಿವರಿಸಿದಳು. ಅತ್ತೆ ಕೋಲೂರಿ ಸ್ಟೂಲಿನವರೆಗೆ ಹೋಗಿ ಕೂತು ಕೇಳುತ್ತಿದ್ದರು. ಹಿಪ್ಪುನೇರಳೆಯ ಮೊದಲ ಹಣ್ಣುಗಳನ್ನು ಅವನು ತಿಂದು ಕೊಬ್ಬಿದ. ಆಮೇಲೆ ಒಂದು ಬೆಳಿಗ್ಗೆ ಅವನಿರಲಿಲ್ಲ. ರೊಟ್ಟಿ ಕಟ್ಟಿಕೊಡೋಕೂ ಬಿಡದೆ ಹೋದ ನೋಡು ಅಂತ ಅತ್ತೆ ಬೈದರು, ಆದರೆ ಮುಖದಲ್ಲಿ ಬೇಸರವಿರಲಿಲ್ಲ. ಉದುರಿದ ಹಣ್ಣು ಜಾರುತ್ತದೆಂದು ಪೊರಕೆ ತರಿಸಿ, ನಡೆದಾಡುವ ದಾರಿಯಷ್ಟನ್ನು ತಾವೇ ಗುಡಿಸಿದರು.

ಇಂಥ ಕೆಲಸಕ್ಕೆಂದೇ ಗಾಜಿಗೆ ಅಂಟಿಸುವ ಚುಕ್ಕೆಗಳು ಬರುತ್ತವೆಂದು ನಮಗೆ ಸರಕು ತರುವವರು ಹೇಳಿದ್ದರು. ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ, ಒಮ್ಮೆ ಅಂಟಿಸಿದರೆ ವರ್ಷಗಟ್ಟಲೆ ಯೋಚನೆಯಿಲ್ಲ. ಒಂದು ಸುರುಳಿ ತರಿಸಿದೆ. ಈಗ ಹೊಸ ಮನೆಗಳಿಗೆ ದೊಡ್ಡ ಗಾಜು ಕೂರಿಸುವಾಗ, ಎದುರಿಗೆ ಮರವಿದ್ದರೆ, ಇದರ ಮಾತೆತ್ತುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ನನ್ನ ಮುಖ ನೋಡುತ್ತಾರೆ. ನಮ್ಮ ಮನೆಗೂ ಇನ್ನೊಂದು ಚಳಿ ಬರುವ ಮೊದಲು ಅಂಟಿಸಿಬಿಡೋಣವೆಂದು ಸುರುಳಿಯನ್ನು ಅತ್ತೆಗೆ ತೋರಿಸಿದೆ. ಅವರು ಅದನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಒಂದು ಚುಕ್ಕೆ ಕೆರೆದು ನೋಡಿ, ಗಟ್ಟಿಯಾಗಿದೆ ಅಂತ ಮೆಚ್ಚಿಕೊಂಡರು. ಮೆಚ್ಚಿಕೊಂಡು ನನಗೇ ವಾಪಸ್ಸು ಕೊಟ್ಟರು.

"ಇದನ್ನ ಬೇರೆಯವರ ಮನೆಗೆ ಹಾಕು," ಅಂದರು. "ಇಲ್ಲಿ ಅಂಟಿಸ್ಬಿಟ್ರೆ, ನಾನು ಬೆಳಿಗ್ಗೆ ಎದ್ದು ಏನ್ ಮಾಡ್ಲಿ?"

ಸೋಪಿನ ಬಿಲ್ಲೆ ಕರಗಿ ಸಣ್ಣದಾಗಿತ್ತು. ಮೇಲಿನ ಗೂಡಿನಿಂದ ಹೊಸದೊಂದನ್ನು ಅವರೇ ಕೈ ಎತ್ತಿ ತೆಗೆದುಕೊಂಡರು.